ಮಾತಿನ ಸರದಿ

ಕಮಠಾಣದ ಕೋಣೆಯೊಂದರಲ್ಲಿ ಚಾಪೆ ಹಾಸಿ ನಾವು ಐದಾರು ಮಂದಿ ಆಟ ಆಡುತ್ತೇವೆ. ಒಬ್ಬ ಕಥೆ ನಡೆಸುವವ. ಉಳಿದವರು ಗೌಡ, ಪಟವಾರಿ, ಜೀತದಾಳು, ಕೂಲಿ ಹೆಂಗಸು. ನಿಜಾಮನ ಕಾಲದ ಊರು. ಬರೆದಿಟ್ಟ ಮಾತಿಲ್ಲ, ಹೊಳೆದದ್ದು ಆಡಬೇಕು. ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಕಟ್ಟೂ ಇದೇ. ಅಲ್ಲಿ ರಾಕ್ಷಸರು, ಇಲ್ಲಿ ಗೌಡರು, ಅಷ್ಟೇ ಫರಕು.

ಜೀತದಾಳಾದವ ಬಾಯಿಬಡುಕ. ಕೂಲಿ ಹೆಂಗಸಾದ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವಳ ಮಾತನ್ನೂ ಇವನೇ ಆಡಿ ಮುಗಿಸುತ್ತಿದ್ದ. ಕಥೆ ನಡೆಸುತ್ತಿದ್ದ ನನಗೆ ಸಿಟ್ಟು ಬಂತು. ಆಟದೊಳಗೇ ಗೌಡನಿಂದ ಅವನಿಗೆ ಚಾಟಿಯೇಟು ಹಾಕಿಸಿದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಸಾಲ್ಯಾಗ ಹಿಂದ ಕೂಡಿಸಿ ಬಾಯಿ ಮುಚ್ಚಿಸಿದ್ರು. ಇಲ್ಲೂ ಅದೇ ಏನಪಾ?" ಅಂದ.

ರಾತ್ರಿ ನಿದ್ದೆ ಹತ್ತಲಿಲ್ಲ. ಚಾಟಿ ಗೌಡನದಲ್ಲ, ನನ್ನದು. ತಲೆಮಾರುಗಳಿಂದ ಮುಚ್ಚಿದ ಬಾಯಿ ತೆರೆದಾಗ ಅಳತೆ ಎಲ್ಲಿಂದ ಬರಬೇಕು? ಆದರೆ ಗೆಳೆಯರೇ, ಅವಳ ಬಾಯಿ ಇನ್ನೂ ತೆರೆದೇ ಇಲ್ಲವಲ್ಲ! 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ 20-22 ಮಂದಿ ಮುಂದಿದ್ದರೂ ಅಧ್ಯಕ್ಷ ರಾಜೇಂದ್ರ ಪ್ರಸಾದರು ಅಂಬೇಡ್ಕರರನ್ನು ಕರೆದರು. ಸರದಿ ಮುರಿದು ಕರೆಯುವುದೂ ಒಮ್ಮೊಮ್ಮೆ ನ್ಯಾಯವೇ.

ಮರುದಿನ ಚಹಾದಂಗಡಿಯಲ್ಲಿ ಅವನ ಕ್ಷಮೆ ಕೇಳಿ, ನೇರ ಹೇಳಿದೆ: "ನಿನ್ನ ಮಾತು ಬೇಕು. ಆಕಿ ಮಾತು ನೀ ಆಡಬ್ಯಾಡ." ಈಗ ಮಾತಾಡಿದವರು ಜೋಳದ ದಂಟೊಂದನ್ನು ಮಾತಾಡದವರ ಕೈಗೆ ಕೊಡಬೇಕು. ಮೊನ್ನೆ ಅದನ್ನು ಅವನೇ ಅವಳಿಗೆ ಕೊಟ್ಟ. ಬಹಳ ಹೊತ್ತು ಸುಮ್ಮನಿದ್ದಳು. ಅವನು ತುಟಿ ಕಚ್ಚಿ ಕೂತ. ಆಮೇಲೆ ಅವಳು ಪಟವಾರಿಯ ಕಡೆ ತಿರುಗಿದಳು: "ನನ್ನ ಹೆಸರು ನಿನ್ನ ವಹಿಯಾಗ ಯಾಕಿಲ್ಲ?"