ಸಾಕ್ಷಿಯೂ ವರ್ತಕನೂ

ಭಟ್ಕಳದ ಮಗ್ಗುಲಿನ ಜಾಲಿಯಲ್ಲಿ, ಮಳೆಗಾಲದ ಒಂದು ಸಂಜೆ ಕರೆಂಟು ಹೋದಾಗ, ನನಗೆ ಆಶ್ರಯವಿತ್ತ ಸಾಹೇಬರು ತಮ್ಮ ಮೊಬೈಲಿನಲ್ಲಿ ಟಾರ್ಚಿನ ಆ್ಯಪ್ ಒಂದನ್ನು ತೆರೆದರು. ಬೆಳಕಿಗೆ ಮುಂಚೆ ಪರದೆಯ ಮೇಲೆ ಮೂಡಿದ್ದು ಪ್ರಶ್ನೆ: ತಾವಿರುವ ಸ್ಥಳವನ್ನು ತಿಳಿಯಲು ಅನುಮತಿಯುಂಟೆ? ಕತ್ತಲೆಯಲ್ಲಿ ನಿಂತವರು ಹೂಂ ಎನ್ನದೆ ಇನ್ನೇನು ಮಾಡಿಯಾರು? ತಾನು ಯಾರ ಮನೆಯಲ್ಲಿ ಉರಿಯುತ್ತಿರುವೆನೆಂಬ ಉಸಾಬರಿ ದೀಪಕ್ಕೇಕೆ ಎಂದೆ. ಅವರು ನಕ್ಕು, "ಬಲಗಡೆ ಒಬ್ಬ, ಎಡಗಡೆ ಒಬ್ಬ ಫರಿಶ್ತೆ ಬರೀತಾನೇ ಇದ್ದಾರಲ್ಲ, ಇವ ಮೂರನೆಯವ" ಎಂದರು.

ನಗೆಮಾತಾದರೂ ಅದು ನನ್ನನ್ನು ಬಿಡಲಿಲ್ಲ. ಅವರಲ್ಲಿ ಆ ದೇವದೂತರು, ನಮ್ಮಲ್ಲಿ ಯಮನ ಕರಣಿಕನಾದ ಚಿತ್ರಗುಪ್ತ. ಕಾಣದ ಕಣ್ಣೊಂದು ಕಾಣುತ್ತಿದೆಯೆಂಬ ನಂಬಿಕೆಯಲ್ಲಿಯೇ ಬೆಳೆದ ನಮಗೆ, ಗೂಗಲ್ಲೋ ಫೇಸ್‌ಬುಕ್ಕೋ ನೋಡಿದರೆ ನೋವೇಕೆ? ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಎರಡು ಹಕ್ಕಿಗಳ ದೃಷ್ಟಾಂತವಿದೆ: ಒಂದು ಹಣ್ಣನ್ನು ತಿನ್ನುವುದು, ಇನ್ನೊಂದು ಸುಮ್ಮನೆ ನೋಡುವುದು. ನೋಡುವ ಹಕ್ಕಿ ತಿನ್ನದೆಂಬುದರಲ್ಲಿಯೇ ಸಾಕ್ಷಿಯ ಪಾವಿತ್ರ್ಯವಿದೆ. ಆದರೆ ಆದಾಯದ ಬಹುಪಾಲನ್ನು ಜಾಹೀರಾತಿನಿಂದಲೇ ಪಡೆಯುವ ಈ ಕಂಪನಿಗಳು, ನಾವು ಹುಡುಕಿದ್ದು, ಬೆರಳು ತಡೆದು ನೋಡಿದ್ದು, ಹೋಗಿ ಬಂದದ್ದು ಇವೆಲ್ಲವನ್ನೂ ಕೂಡಿಸಿ, ಇಂಥವನಿಗೆ ಇಂಥದು ಬೇಕಾದೀತೆಂದು ಊಹಿಸಿ, ಆ ಊಹೆಯ ಬಲದ ಮೇಲೆ ನಮ್ಮ ಕಣ್ಣಿನೆದುರಿನ ಜಾಗವನ್ನು ಕ್ಷಣಮಾತ್ರದ ಹರಾಜಿನಲ್ಲಿ ಮಾರುವಾಗ, ನೋಡುವ ಹಕ್ಕಿಯೇ ತಿನ್ನುವ ಹಕ್ಕಿಯಾಗುತ್ತದೆ. ಚಿತ್ರಗುಪ್ತನು ತನ್ನ ಕಡತವನ್ನು ಸಂತೆಗೆ ಹೊತ್ತ ಕಥೆಯನ್ನು ನಾನಂತೂ ಕೇಳಿಲ್ಲ. ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯವು ಪರರ ಗುಟ್ಟನ್ನು ಕೆದಕುವುದನ್ನೇ ನಿಷೇಧಿಸಿದೆ.

ಒಪ್ಪಿದವರು ನಾವೇ ತಾನೆ ಎನ್ನಬಹುದು. ಕತ್ತಲೆಯಲ್ಲಿ ಒತ್ತಿದ ಬೆರಳನ್ನು ಸಮ್ಮತಿಯೆನ್ನಲು ನನ್ನ ಮನಸ್ಸೊಪ್ಪದು. ಇಂಥದೇ ಟಾರ್ಚಿನ ಆ್ಯಪ್ ಒಂದು ಬಳಸುವವರ ಸ್ಥಳವನ್ನು ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತೆಂದೂ, ಅದು ಕೊಟ್ಟ ಆಯ್ಕೆ ಬರಿಯ ತೋರಿಕೆಯದೆಂದೂ ಅಮೆರಿಕದ ವ್ಯಾಪಾರ ಆಯೋಗವು 2013ರಲ್ಲಿ ಆಪಾದಿಸಿತ್ತು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂದು ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಬಂದ 2023ರ ಕಾಯಿದೆ ಹೇಳುತ್ತದೆ. ಕಾಯಿದೆಯ ನಡಿಗೆ ನಿಧಾನ, ಬೆರಳಿನದು ಹಾಗಲ್ಲ.

ಕರೆಂಟು ಬಂದ ಮೇಲೆ ನಾವಿಬ್ಬರೂ ಮೊಬೈಲಿನ ಸೆಟ್ಟಿಂಗ್ಸಿಗೆ ಹೋಗಿ, ಲೊಕೇಶನ್ ಎಂಬಲ್ಲಿ ಯಾರಾರಿಗೆ ಅನುಮತಿಯಿದೆಯೆಂದು ನೋಡಿದೆವು. ಪಟ್ಟಿ ಉದ್ದವಿತ್ತು. ನಕ್ಷೆಯೊಂದನ್ನುಳಿದು ಮಿಕ್ಕವಕ್ಕೆಲ್ಲ ಇಲ್ಲವೆಂದು, ಜಾಹೀರಾತಿನ ಗುರುತುಸಂಖ್ಯೆಯನ್ನು ಅಳಿಸಿ, ಟಾರ್ಚಿನ ಆ್ಯಪನ್ನೂ ತೆಗೆದುಹಾಕಿದೆವು. ಮೊಬೈಲಿನಲ್ಲಿ ಟಾರ್ಚು ಮೊದಲಿನಿಂದಲೇ ಇತ್ತು.