ಮುಯ್ಯಿ ಪುಸ್ತಕದಲ್ಲಿ ಬರೆಯದ ಕೊಡುಗೆ



ಉಮರ್ಗಾದಲ್ಲಿ ಮದುವೆ ಮುಗಿಸಿಕೊಂಡು ನಿಲಂಗಾ ಮಾರ್ಗವಾಗಿ ಉದಗೀರಿಗೆ ಹಿಂದಿರುಗುತ್ತಿದ್ದೆವು. ರಾತ್ರಿ ಊಟಕ್ಕೆ ನಾವು ಎಂಟು ಜನ ದಾರಿಯ ಧಾಬಾ ಒಂದರಲ್ಲಿ ಕುಳಿತೆವು. ಹುಡುಗನೊಬ್ಬ ಮರಾಠಿಯಲ್ಲಿ ವಿಚಾರಿಸಿ, ಕೇಳಿದಾಗಲೆಲ್ಲ ಬಿಸಿ ರೊಟ್ಟಿ ತಂದು ಬಡಿಸಿದ. ಬಡೇಸೋಪಿನ ಜೊತೆ ಬಿಲ್ಲು ಬಂತು. ನಮ್ಮಲ್ಲೊಬ್ಬರು ಫೋನಿನಲ್ಲೇ ಹಣ ಕಟ್ಟಿದರು. ತಟ್ಟೆಯಲ್ಲಿ ಏನಾದರೂ ಇಡೋಣವೆಂದಾಗ ಇನ್ನೊಬ್ಬರು ಕನ್ನಡದಲ್ಲಿ, "ಇವಗ್ಯಾಕ? ಮಾಲಕ ಪಗಾರ ಕೊಡ್ತಾನ. ನಾವೇನು ದಿನಾ ಈ ಕಡಿ ಬರ್ತೀವೇನು?" ಎಂದರು. ಎಲ್ಲರೂ ಎದ್ದೆವು. ಮೇಜು ಒರೆಸುತ್ತಿದ್ದ ಹುಡುಗ ಕನ್ನಡದಲ್ಲೇ, "ನಿಧಾನ ಹೋಗ್ರಿ, ಮುಂದ ರಸ್ತೆ ಛಲೋ ಇಲ್ಲ" ಎಂದ. ಗಾಡಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಾವೇಕೆ ಕೊಡಲಿಲ್ಲ? ಫೋನಿನಲ್ಲಿ ಕಟ್ಟಿದ್ದರಿಂದ ಕೈಯಲ್ಲಿ ಚಿಲ್ಲರೆ ಇರಲಿಲ್ಲ. ಬಿಲ್ಲಿನಲ್ಲಿ ಶೇ. 5 ಜಿಎಸ್‌ಟಿ ಸೇರಿದೆಯಲ್ಲ ಎಂದುಕೊಂಡೆವು. ಆದರೆ ಅದು ಸರ್ಕಾರಕ್ಕೆ ಹೋಗುವ ತೆರಿಗೆ, ಹುಡುಗನಿಗಲ್ಲ. ಎಂಟು ಜನರಲ್ಲಿ ಬೇರೊಬ್ಬರು ಇಟ್ಟಾರೆಂದು ಪ್ರತಿಯೊಬ್ಬರೂ ಸುಮ್ಮನಾದೆವು.

ಆದರೆ ಅದೇ ಮಧ್ಯಾಹ್ನ ನಾವೆಲ್ಲ 501 ರೂಪಾಯಿ ಮುಯ್ಯಿ ಬರೆಸಿ ಬಂದಿದ್ದೆವು! ಮುಯ್ಯಿಗೆ ಪುಸ್ತಕವಿದೆ, ಅದರಲ್ಲಿ ನಮ್ಮ ಹೆಸರಿದೆ. ನಾಳೆ ನಮ್ಮ ಮನೆಯ ಮದುವೆಗೆ ಅದು ಮರಳಿ ಬರುತ್ತದೆ. ಧಾಬಾದ ಹುಡುಗನ ಬಳಿ ಪುಸ್ತಕವಿಲ್ಲ. ನಿಜವಾದ ಕಾರಣ ಇದೇ: ಅವನಿಗೆ ಕೊಟ್ಟದ್ದು ನಮಗೆ ಮರಳಿ ಬರುವುದಿಲ್ಲ.

ಪ್ರಭು ಯೇಸು ಫರಿಸಾಯನ ಮನೆಯಲ್ಲಿ ಊಟಕ್ಕೆ ಕುಳಿತಾಗ ಆತಿಥೇಯನಿಗೆ ಹೇಳಿದ್ದು ಇದನ್ನೇ (ಲೂಕ 14:12-14). ತಿರುಗಿ ಕರೆಯಬಲ್ಲ ಗೆಳೆಯರನ್ನೂ ನೆಂಟರನ್ನೂ ಸಿರಿವಂತರನ್ನೂ ಕರೆಯುವುದರಲ್ಲಿ ಹೆಚ್ಚಳವೇನಿಲ್ಲ. ತಿರುಗಿ ಕೊಡಲಾಗದವರಿಗೆ ಬಡಿಸಿದವನೇ ಧನ್ಯ. ಅವನ ಲೆಕ್ಕವನ್ನು ಪುನರುತ್ಥಾನದ ದಿನ ದೇವರೇ ತೀರಿಸುತ್ತಾರೆ.

ಒಂದು ಮಾತು ಮರೆಯಬಾರದು. ನಾವು ಕೊಡುವ ಭಕ್ಷೀಸು ಮಾಲೀಕನ ಸಾಲವನ್ನು ತೀರಿಸುವುದಿಲ್ಲ. ದುಡಿದವನಿಗೆ ಬಾಳಲು ಸಾಕಾಗುವಷ್ಟು ಕೂಲಿ ಸಲ್ಲಬೇಕೆಂಬುದು ನ್ಯಾಯ, ದಾನವಲ್ಲ ಎಂದು ವಿಶ್ವಗುರು ಹದಿಮೂರನೆಯ ಲಿಯೋ 1891ರಲ್ಲೇ ತಮ್ಮ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಬೋಧಿಸಿದರು. ನಮ್ಮಲ್ಲಿ ಹೋಟೆಲು, ಅಂಗಡಿ ನಡೆಸುವವರು ಇದನ್ನು ಮೊದಲು ಕೇಳಿಸಿಕೊಳ್ಳಬೇಕು. ಹಾಗೆಯೇ, ಮಕ್ಕಳಿಗೆ ಒಂದೇ ತಟ್ಟೆ ತರಿಸಿ ಹಂಚಿ ಉಣಿಸುವ ಕೂಲಿಕಾರ ತಂದೆ ಏನೂ ಇಡದೆ ಎದ್ದರೆ ಅವನನ್ನು ಹೀಗಳೆಯದಿರೋಣ. ಅವನ ಜೇಬು ದೇವರಿಗೆ ಗೊತ್ತು. ನಮ್ಮದೂ ಗೊತ್ತು.

ಆದ್ದರಿಂದ ಮುಂದಿನ ಪಯಣಕ್ಕೆ ಹೊರಡುವಾಗ ಹತ್ತಿಪ್ಪತ್ತು ರೂಪಾಯಿಯ ನೋಟುಗಳನ್ನು ಜೊತೆಗಿಟ್ಟುಕೊಳ್ಳೋಣ. "ಏ ಛೋಟು" ಎನ್ನದೆ ಹೆಸರು ಕೇಳೋಣ. ತಟ್ಟೆಯಲ್ಲಿ ಎಸೆಯದೆ ಕೈಗೆ ಕೊಡೋಣ. ನಾಳೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಮೇಜು ಒರೆಸುವವನು ನಮ್ಮದೇ ಮಗನಾಗಿರಬಹುದು.

ಪ್ರಭುವೇ, ಮರಳಿ ಬಾರದ ಕಡೆಗೂ ಕೊಡುವ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.