ಯಾವ ಉಮ್ಮತ್ತೂರು, ಯಾವ ಹೊತ್ತಿನ ದಾರಿ?

ನಕ್ಷೆಯಲ್ಲಿ ಉಮ್ಮತ್ತೂರು ಎಂದು ಹುಡುಕಿದರೆ ಎರಡು ಊರು ಎದುರಾಗಬಹುದು. ಒಂದು ಚಾಮರಾಜನಗರ ತಾಲ್ಲೂಕಿನದು; ವಿಜಯನಗರಕ್ಕೆ ಸಡ್ಡು ಹೊಡೆದು ಕೊನೆಗೆ ಕೃಷ್ಣದೇವರಾಯನ ದಂಡಿಗೆ ಸೋತ ಪಾಳೆಯಗಾರರ ಊರು. ಇನ್ನೊಂದು ಕೇರಳದ ಕೋಯಿಕ್ಕೋಡ್ ಜಿಲ್ಲೆಯದು, ಗುಂಡ್ಲುಪೇಟೆಯಿಂದ ವಯನಾಡು ದಾಟಿ ಘಟ್ಟ ಇಳಿದವರಿಗೆ ಸಿಗುವಂಥದ್ದು. ಸರಕು ತುಂಬಿಕೊಂಡು ಹೊರಟ ಲಾರಿ ಚಾಲಕನಿಗೆ ಈ ಗೊಂದಲವೆಂದರೆ ಒಂದು ದಿನದ ಡೀಸೆಲ್ಲು ಮತ್ತು ಮಾಲೀಕನ ಬೈಗುಳ. ಸರಿಯಾದ ಊರನ್ನೇ ಆರಿಸಿಕೊಂಡರೂ ತೊಂದರೆ ತಪ್ಪಲಿಲ್ಲ ಎನ್ನಿ. ಕೋಯಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನೊಳಗೆ ಹಾಯುತ್ತದೆ. ಕಾಡುಪ್ರಾಣಿಗಳ ಸಲುವಾಗಿ 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಹತ್ತು ಗಂಟೆಗೆ ಗುಂಡ್ಲುಪೇಟೆ ದಾಟಿದವನು ಚೆಕ್‌ಪೋಸ್ಟಿನ ಮುಂದೆ ಲಾರಿ ನಿಲ್ಲಿಸಿ ಯಾರಿಗೋ ಫೋನ್ ಮಾಡುತ್ತಾನೆ: ನಿಮ್ಮ ನಕ್ಷೆ ಸುಳ್ಳು ಹೇಳುತ್ತಿದೆ.

ಫೋನ್ ಎತ್ತಿಕೊಳ್ಳುವ ಆ ‘ಯಾರೋ’ ಈಗೊಂದು ವೃತ್ತಿ. ಜಿಯೋಸ್ಪೇಷಿಯಲ್ ಕಸ್ಟಮರ್ ಸಪೋರ್ಟ್ ಎನ್ನುತ್ತಾರೆ. ಜಿಪಿಎಸ್ ಉಪಕರಣ, ಡ್ರೋನ್, ಜಿಐಎಸ್ ತಂತ್ರಾಂಶ ಬಳಸುವ ಸರ್ವೇಯರ್, ಎಂಜಿನಿಯರ್, ಪಂಚಾಯಿತಿ ನೌಕರರ ತಕರಾರು ಕೇಳಿ ಪರಿಹಾರ ಹೇಳುವ ಕೆಲಸ. ಭೂಗೋಳವನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ಓದಿದ ಹುಡುಗ ಹುಡುಗಿಯರು ಈ ಕ್ಷೇತ್ರಕ್ಕೆ ಕಾಲಿಡಲು ಇದೊಂದು ಬಾಗಿಲು. ಕೆಲಸದ ಹೆಸರು ಹೊಸದಾದರೂ ಮೊದಲ ದಿನವೇ ಎದುರಾಗುವ ಪ್ರಶ್ನೆ ಬಹಳ ಹಳೆಯದು. ಒಂದೇ ಸಂಗತಿಯ ಬಗ್ಗೆ ಇಬ್ಬರು ಬೇರೆ ಬೇರೆ ಉತ್ತರ ಹೇಳಿ ಇಬ್ಬರೂ ನಿಜ ಹೇಳುತ್ತಿರಲು ಸಾಧ್ಯವೇ?

ಈ ಪ್ರಶ್ನೆಯನ್ನು ಜೈನರಷ್ಟು ತಾಳ್ಮೆಯಿಂದ ಬಿಡಿಸಿ ನೋಡಿದವರು ಕಡಿಮೆ. ಅದಕ್ಕಾಗಿ ದೂರ ಹೋಗಬೇಕಿಲ್ಲ. ಹೊಯ್ಸಳ ದಂಡನಾಯಕ ಪುಣಿಸ 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಚಾಮರಾಜನಗರದಲ್ಲೇ ಇದೆ. ಮಲೆಯೂರಿನ ಕನಕಗಿರಿಯೂ ಇದೇ ಸೀಮೆಯದು. ‘ಸರ್ವಾರ್ಥಸಿದ್ಧಿ’ ಬರೆದ ಪೂಜ್ಯಪಾದರ ನೆನಪನ್ನು ಪರಂಪರೆ ಆ ಬೆಟ್ಟಕ್ಕೆ ಕಟ್ಟಿದೆ. ಜೈನ ತರ್ಕದ ಪ್ರಕಾರ ಯಾವುದೇ ವಸ್ತುವಿನ ಬಗ್ಗೆ ‘ಇದೆ’ ಎಂದು ಹೇಳುವಾಗ ನಾಲ್ಕನ್ನು ಗಮನಿಸಬೇಕು: ದ್ರವ್ಯ, ಕ್ಷೇತ್ರ, ಕಾಲ, ಭಾವ. ಯಾವ ವಸ್ತು, ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ. ಈ ಅಪೇಕ್ಷೆಗಳನ್ನು ಬಿಟ್ಟು ಆಡಿದ ಮಾತು ಅರ್ಧ ಮಾತು.

ಲಾರಿ ಚಾಲಕನ ಜಗಳವನ್ನು ಇದರ ಮುಂದಿಟ್ಟು ನೋಡಬಹುದು. ಎರಡು ಉಮ್ಮತ್ತೂರುಗಳದು ದ್ರವ್ಯದ ಗೊಂದಲ. ಹೆಸರು ಒಂದೇ, ವಸ್ತು ಬೇರೆ. ಬಂಡೀಪುರದ್ದು ಕಾಲದ ಗೊಂದಲ. ಹಗಲು ಇರುವ ದಾರಿ ರಾತ್ರಿ ಇಲ್ಲ. ಇನ್ನು ಕ್ಷೇತ್ರದ ಗೊಂದಲ ಎಲ್ಲಕ್ಕಿಂತ ಸೂಕ್ಷ್ಮ, ಸಪೋರ್ಟ್ ಮೇಜಿಗೆ ಮತ್ತೆ ಮತ್ತೆ ಬರುವಂಥದ್ದು.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ತ್ರಿಕೋನಮಿತಿ ಸರ್ವೆಯನ್ನು ಮುಂದುವರಿಸಿದವರು ಜಾರ್ಜ್ ಎವರೆಸ್ಟ್. ಭೂಮಿ ಎಷ್ಟು ಚಪ್ಪಟೆ ಎಂಬುದಕ್ಕೆ ಅವರು 1830ರಲ್ಲಿ ಕೊಟ್ಟ ಲೆಕ್ಕವೇ ನಮ್ಮ ಹಳೆಯ ಟೊಪೊಶೀಟುಗಳಿಗೆ ಆಧಾರ. ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೊಂದು ಆಧಾರವನ್ನು. ಇಂಥ ಆಧಾರಕ್ಕೆ ಡೇಟಮ್ ಎನ್ನುತ್ತಾರೆ. ಹಳೆಯ ನಕ್ಷೆಯಿಂದ ಓದಿಕೊಂಡ ಅಕ್ಷಾಂಶ ರೇಖಾಂಶವನ್ನು ಹಾಗೇ ಹೊಸ ಉಪಕರಣಕ್ಕೆ ಕೊಟ್ಟರೆ ಚಾಮರಾಜನಗರದ ಸುತ್ತಮುತ್ತ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಜಮೀನಿನ ಗಡಿಕಲ್ಲು ಇದ್ದಲ್ಲೇ ಇದೆ, ಉಪಕರಣ ಕೆಟ್ಟಿಲ್ಲ, ಹಿಂದಿನ ಸರ್ವೇಯರ್ ತಪ್ಪೂ ಮಾಡಿಲ್ಲ. ಆದರೂ ಕರೆ ಮಾಡಿದವನ ಪರದೆಯಲ್ಲಿ ಅವನ ಬಾವಿ ಪಕ್ಕದ ಜಮೀನಿಗೆ ಹೋಗಿ ಕೂತಿರುತ್ತದೆ. ಕೆಲಸ ಬಲ್ಲ ಸಪೋರ್ಟ್ ಹುಡುಗಿ ಆಗ ಮೊದಲು ಕೇಳುವುದು ಒಂದೇ: ಈ ಅಂಕಿಯನ್ನು ಯಾವ ಡೇಟಮ್‌ನಲ್ಲಿ ತೆಗೆದುಕೊಂಡಿರಿ? ಕನಕಗಿರಿಯ ಪಂಡಿತರು ಕೇಳುತ್ತಿದ್ದುದೂ ಇದೇ ಜಾತಿಯ ಪ್ರಶ್ನೆ.

ಹಾಗಿದ್ದರೆ ಎಲ್ಲವೂ ಅವರವರ ಭಾವಕ್ಕೆ ಬಿಟ್ಟದ್ದೇ, ತಪ್ಪು ಎಂಬುದೇ ಇಲ್ಲವೇ? ಅನೇಕಾಂತವಾದ ಎಂದು ಕರೆಯುವ ಈ ಜೈನ ನಿಲುವಿನ ಮೇಲೆ ಶತಮಾನಗಳಿಂದ ಹೊರಿಸುತ್ತ ಬಂದಿರುವ ಆರೋಪ ಇದು. ನಕ್ಷೆಯ ಕೆಲಸ ಇದಕ್ಕೆ ನೇರ ಉತ್ತರ ಕೊಡುತ್ತದೆ. ಚಾಮರಾಜನಗರ ಜಿಲ್ಲೆ ಇರುವುದು ಸರಿಸುಮಾರು 12 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವದಲ್ಲಿ. ಯಾರೋ ಅವಸರದಲ್ಲಿ ಎರಡು ಅಂಕಿಗಳನ್ನು ಅದಲುಬದಲು ಮಾಡಿ ತುಂಬಿದರೆಂದರೆ ಊರ ಕೆರೆ ಆರ್ಕ್‌ಟಿಕ್ ವೃತ್ತದಾಚೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರಕ್ಕೆ ಬಿದ್ದಿರುತ್ತದೆ. ಯಾವ ಡೇಟಮ್ ಹಿಡಿದರೂ ಅದು ತಪ್ಪೇ. ಅಪೇಕ್ಷೆಯನ್ನು ಸ್ಪಷ್ಟವಾಗಿ ಹೇಳಿದಾಗಲೇ ತಪ್ಪನ್ನು ತಪ್ಪೆಂದು ತೋರಿಸಲು ಬರುತ್ತದೆ. ಹೇಳದೆ ಉಳಿಸಿದಾಗ ವಾದಕ್ಕೆ ಕೊನೆಯಿಲ್ಲ. ಜೈನರ ನಿಲುವು ಸಡಿಲವಲ್ಲ, ಅತ್ಯಂತ ಬಿಗಿಯಾದದ್ದು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಫೋನಿನ ಆಚೆ ಇರುವವರ ಮಾತನ್ನು ಏಕೆ ನಂಬಬೇಕು? ನ್ಯಾಯ ದರ್ಶನ ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪುತ್ತದೆ. ಭಾಷ್ಯಕಾರ ವಾತ್ಸ್ಯಾಯನ ಆಪ್ತನಿಗೆ ಎರಡು ಗುಣ ಹೇಳುತ್ತಾನೆ: ವಿಷಯವನ್ನು ನೇರವಾಗಿ ತಿಳಿದಿರಬೇಕು, ತಿಳಿದದ್ದನ್ನು ತಿಳಿದಂತೆಯೇ ಹೇಳುವ ಮನಸ್ಸಿರಬೇಕು. ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಈ ಲಕ್ಷಣ ಸಮಾನ ಎಂದೂ ಸೇರಿಸುತ್ತಾನೆ. ಕುಲ, ಪದವಿ, ಇಂಗ್ಲಿಷಿನ ಠೀವಿ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಹಳ್ಳಿಯಿಂದ ಬಂದು ಹೆಡ್‌ಫೋನ್ ಹಾಕಿಕೊಂಡು ಅಳುಕುತ್ತ ಕೂತವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ. ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಹೇಳಿ ಮೇಲಿನವರಿಗೆ ದಾಟಿಸುವುದೂ ಆಪ್ತನ ಲಕ್ಷಣವೇ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸುವುದು ಸಾಮಾನ್ಯ. ಅದರಿಂದ ಬದುವಿನ ಜಗಳ ತೀರದು ಎಂದು ಗ್ರಾಹಕನಿಗೆ ಹೇಳದೆ ಮುಚ್ಚಿಟ್ಟರೆ ಇಬ್ಬರು ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಈ ಸೀಮೆಗೆ ಇದು ಹೊಸ ಕಸುಬೂ ಅಲ್ಲ. ಟಿಪ್ಪು ಬಿದ್ದ ಮೇಲೆ ಮೈಸೂರು ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ 1804ರಲ್ಲಿ ಕನಕಗಿರಿಗೆ ಬಂದು ಸ್ಥಳದ ಪೂರ್ವಕಥೆ ಕೇಳಿದಾಗ ಅಲ್ಲಿನ ದೇವಚಂದ್ರ ಅವನಿಗೆ ನೆರವಾದರು. ಮುಂದೆ ‘ರಾಜಾವಳೀ ಕಥೆ’ ಬರೆದವರು ಅವರೇ. ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅಳೆಯುವ ಸರಪಳಿ ಅವನ ಬಳಿ ಇತ್ತು, ಜಾಗದ ನೆನಪು ಊರಿನವರ ಬಳಿ ಇತ್ತು.

ನಾಲ್ಕನೆಯದಾದ ಭಾವವನ್ನು ಅರಿಯಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಸೋಲಿಗ ಬುಡಕಟ್ಟಿನವರು ಮತ್ತು ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು ಜಿಪಿಎಸ್ ಹಿಡಿದು ಕಾಡು ಸುತ್ತಿ ಸೋಲಿಗರ 400ಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ನಕ್ಷೆಗೆ ತಂದರು. ಸೋಲಿಗರ ಒಂದು ಯೆಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುತ್ತವೆ. ಒಂದು ಕುಲ ಕಾಪಾಡಿಕೊಂಡು ಬಂದ ಹರಹು ಅದು. ಅದನ್ನು ಚುಕ್ಕಿಯಾಗಿ ಇಡುವುದೋ, ಗಡಿ ಎಳೆದ ಪ್ರದೇಶವಾಗಿ ಇಡುವುದೋ? ತಂತ್ರಾಂಶದಲ್ಲಿ ಅದೊಂದು ಗುಂಡಿ ಒತ್ತುವ ಆಯ್ಕೆ, ಸೋಲಿಗರಿಗೆ ಮಾತ್ರ ತಮ್ಮ ದೇವರ ಸ್ವರೂಪದ ಪ್ರಶ್ನೆ. ಸಹಾಯ ಮಾಡುವವರು ಅಲ್ಲಿ ಕಲಿಸುವುದಕ್ಕಿಂತ ಮೊದಲು ಕೇಳಬೇಕು. ಇದು ಹಕ್ಕಿನ ಪ್ರಶ್ನೆಯೂ ಹೌದು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ಉಮ್ಮತ್ತೂರು, ಗುಂಡ್ಲುಪೇಟೆಯ ಕಾಲೇಜುಗಳಲ್ಲಿ ಓದುತ್ತಿರುವವರು ಈ ಕೆಲಸಕ್ಕೆ ಬರಬೇಕು. ಕ್ಯೂಜಿಐಎಸ್ ತಂತ್ರಾಂಶ ಉಚಿತ. ಇಸ್ರೋಗೆ ಸೇರಿದ ಡೆಹ್ರಾಡೂನಿನ ಐಐಆರ್‌ಎಸ್ ಉಚಿತ ಆನ್‌ಲೈನ್ ತರಗತಿಗಳನ್ನು ನಡೆಸುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಕನ್ನಡದಲ್ಲೇ ಸಿಗುತ್ತದೆ. ಮೊದಲು ನಿಮ್ಮೂರ ಕೆರೆಯ ನಕ್ಷೆ ಬರೆಯಿರಿ. ಅದರ ಕೆಳಗೆ ಡೇಟಮ್, ಅಳತೆಯ ತಾರೀಖು, ಎಷ್ಟು ಮೀಟರಿನ ವ್ಯತ್ಯಾಸ ಇರಬಹುದು ಎಂಬುದನ್ನೂ ಬರೆದಿಡಿ.